ಗೋಲ್‌ಕೀಪರ್ ರಝಿಲನ ಆರು ರೋಜಾ

ರಝಿಲ್ ತೀರಿಕೊಂಡ ಏಳನೇ ದಿನ. ಕುರಾನ್ ಓದಲು ಬಂದಿದ್ದ ಅಲ್ಮೆತ್ಯೆವ್ಸ್ಕ್ ಊರಿನ ಹಿರಿಯರು ಶಾವಿಗೆ ಸಾರು ಉಂಡು, ಹಾಲಿನ ಚಹಾ ಕುಡಿದು ಹೊರಟ ಮೇಲೆ ಅವನ ತಾಯಿ ಗುಲ್ಸಿನಾ ಮಗನ ಗೆಳೆಯ ಫಾನಿಸನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡರು.

"ನಿಜ ಹೇಳು ಮಗಾ, ಅವ್ನು ಈ ಸಲದ ಉಪವಾಸದಲ್ಲಿ ಎಷ್ಟು ರೋಜಾ ಮುರ್ದಿದ್ದ?"

ಫಾನಿಸ್ ಚಹಾದ ಬಟ್ಟಲು ಕೆಳಗಿಟ್ಟ.

"ಟೀವೀಲಿ ನೋಡಿದೀನಪ್ಪಾ. ರಂಜಾನಲ್ಲಿ ಮಧ್ಯಾಹ್ನದ ಪಂದ್ಯ ಆರು. ಆರರಲ್ಲೂ ಬಾಟ್ಲಿ ಎತ್ತಿ ಬಾಯಿಗೆ ನೀರು ಬಿಟ್ಕೊಂಡ. ಮುರ್ದಿದ್ದನ್ನ ಆಮೇಲೆ ಬೇರೆ ದಿನ ಹಿಡಿದ್ರಾಯ್ತು ಅಂದ್ಕೊಂಡಿರ್ತಾನೆ, ಹೊರಟೇಹೋದ. ಮುರ್ದ ಒಂದೊಂದಕ್ಕೂ ಅವ್ನ ಪರವಾಗಿ ನಾನು ಒಬ್ಬೊಬ್ಬ ಬಡವರಿಗೆ ಊಟ ಹಾಕ್ಬೇಕು. ಬಾಟ್ಲಿ ತುಂಬಿಸ್ತಿದ್ದೋನು ನೀನೇ ತಾನೆ?"

ಹೌದು, ಅವನೇ. ಎಂಟು ವರ್ಷದವರಿದ್ದಾಗ ಅವನೂ ರಝಿಲನೂ ಅಂಗಳಕ್ಕೆ ನೀರು ಹಾಯಿಸಿ, ಹೆಪ್ಪುಗಟ್ಟಿಸಿ ಐಸ್ ಹಾಕಿ ಆಟ ಕಲಿತವರು. ಗೋಲಿಗೆ ನಿಲ್ಲಲು ಯಾರೂ ಒಪ್ಪದಿದ್ದಾಗ ರಝಿಲ್ ಅಪ್ಪನ ಉಣ್ಣೆ ಬೂಟುಗಳನ್ನು ಮೊಣಕಾಲಿಗೆ ಕಟ್ಟಿಕೊಂಡು ನಿಂತ. ಆಮೇಲೆ ನಗರದ ತಂಡದಲ್ಲಿ ಹನ್ನೊಂದು ವರ್ಷ ಅಲ್ಲೇ ನಿಂತ. ಫಾನಿಸನ ಕಣಕಾಲು ಗಟ್ಟಿಯಿರಲಿಲ್ಲ. ಅದೇ ತಂಡದಲ್ಲಿ ಸ್ಕೇಟಿನ ಅಲಗು ಮಸೆಯುವ ಕೆಲಸ ಹಿಡಿದ. ಒಮ್ಮೆ ಕಜಾನ್ ನಗರದ ದೊಡ್ಡ ತಂಡ ರಝಿಲನನ್ನು ಕರೆಸಿಕೊಂಡು ಎರಡು ತಿಂಗಳು ಕೂರಿಸಿ, ಆಡಿಸದೆ ಕಳಿಸಿತು. "ಅಲ್ಲಿ ಬೆಂಚು ಬಲೇ ಮೆತ್ತಗಿದೆ ಕಣೋ" ಎಂದಷ್ಟೇ ಹೇಳಿದ್ದ. ಈದ್ ಆದ ಮರುವಾರ, ಮನೆ ಮೆಟ್ಟಿಲ ಮೇಲೆ ಅವನ ಎದೆಬಡಿತ ನಿಂತುಹೋಯಿತು.

ಪಂದ್ಯದಲ್ಲಿ ರಝಿಲ್ ಬಾಯಿ ಮುಕ್ಕಳಿಸಿ ಉಗಿಯುತ್ತಿದ್ದದ್ದು ಫಾನಿಸನಿಗೆ ಗೊತ್ತು. ಜೊತೆಯವರು ರೇಗಿಸುತ್ತಿದ್ದರು: "ಏ ಮುಲ್ಲಾ, ನಾವು ಜಾರ್ತಿರೋದು ಮಂಜಿನ ಮೇಲೋ, ನಿನ್ನ ಎಂಜಲ ಮೇಲೋ?" ಆದರೆ ಎಲ್ಲವನ್ನೂ ಉಗಿಯುತ್ತಿದ್ದನೇ? ಬಾಟಲಿ ಅರ್ಧ ಖಾಲಿಯಾಗಿ ಬರುತ್ತಿತ್ತು. ಆ ಅರ್ಧ ತಲೆಗೆ ಸುರಿದುಕೊಂಡದ್ದೋ, ಗಂಟಲಿಗೆ ಇಳಿದದ್ದೋ?

"ಒಂದೂ ಇಲ್ಲ" ಎಂದುಬಿಡಬಹುದಿತ್ತು. ಸುಳ್ಳಾದರೆ ಆ ಸಾಲ ರಝಿಲನ ತಲೆಯ ಮೇಲೇ ಉಳಿಯುತ್ತದೆ. "ಆರು" ಎಂದರೆ, ಹಿಡಿದ ಉಪವಾಸವನ್ನೂ ಗೆಳೆಯನೇ ಅಳಿಸಿದಂತೆ.

"ನಂಗೊತ್ತಿಲ್ಲ ಗುಲ್ಸಿನಾ ಆಪಾ" ಎಂದ. "ಕೊನೇ ಪಂದ್ಯದಲ್ಲಿ ಅವ್ನ ಕಾಲು ನಡುಗ್ತಿತ್ತು. ಒಂದು ಗುಟುಕು ನುಂಗೋ, ದೇವ್ರಿಗೆ ನಾನು ಹೇಳ್ಕೋತೀನಿ ಅಂದೆ. ಆಕಡೆ ತಿರುಗ್ಬಿಟ್ಟ. ನುಂಗಿದ್ನೋ ಇಲ್ವೋ, ಕಾಣ್ಲಿಲ್ಲ."

ಗುಲ್ಸಿನಾ ಮೇಜಿನ ಮೇಲಿನ ಚೂರುಗಳನ್ನು ಅಂಗೈಗೆ ಗುಡಿಸಿಕೊಂಡರು.

"ನಿನ್ನ ಮಾತು ಅವ್ನು ಯಾವತ್ತು ಕೇಳಿದ್ದ?"

ಇದು ಸಮಾಧಾನವೋ ಬೈಗುಳವೋ ಫಾನಿಸನಿಗೆ ತಿಳಿಯಲಿಲ್ಲ.

"ಆರು ಜನಕ್ಕೇ ಮಾಡೋಣ" ಎಂದು ಅವರು ಆಲೂಗಡ್ಡೆ ಬುಟ್ಟಿಯನ್ನು ಅವನ ಮುಂದೆ ಸರಿಸಿದರು. "ಸುಲಿ. ದಪ್ಪ ದಪ್ಪ ತೆಗೀಬೇಡ."