ಸಾಲಹಳ್ಳಿಯ ತಾಯಿ ಕರೆದ ಹೆಸರು

ಮೊನ್ನೆ ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ರಜೆಗೆ ಬಂದ ಸಿಪಾಯಿಯೊಬ್ಬ ಕರಿಯ ಟ್ರಂಕಿನ ಮೇಲೆ ಕುಳಿತಿದ್ದ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಹೆಸರು, ಊರು. ನೋಡುತ್ತಿದ್ದಂತೆ ದೇಗಾಂವದಲ್ಲಿ ನಮ್ಮ ಗೋಡೆಗೆ ಗೋಡೆ ಹಚ್ಚಿದ ಮನೆಯ ಫೌಜಿ ಕಾಕಾ ನೆನಪಾದರು...

ಕಾಕಾನ ಅಜ್ಜ, ಅಪ್ಪ ಇಬ್ಬರೂ ಫೌಜಿನಲ್ಲಿದ್ದವರು. ನಡುಮನೆಯಲ್ಲಿ ಬುದ್ಧನ ಪಟದ ಪಕ್ಕ ಅವರಿಬ್ಬರ ಫೋಟೊಗಳಿದ್ದವು. ಕಾಕಾ ಮಾತು ಕಡಿಮೆ, ನಗು ಜಾಸ್ತಿ. ರಜೆಗೆ ಬಂದರೆ ಓಣಿಯ ಮಕ್ಕಳಿಗೆಲ್ಲ ಮಿಲಿಟರಿ ಬಿಸ್ಕೀಟು.

ನಾನು ಕಿತ್ತೂರಿನ ಕಾಲೇಜಿಗೆ ಹೋಗುತ್ತಿದ್ದಾಗ ಗಡಿಯ ಗುಡ್ಡಗಳಲ್ಲಿ ಯುದ್ಧ ಶುರುವಾಯಿತು. ಒಂದು ಮಧ್ಯಾಹ್ನ ಕಾಕಾನ ಸಂಬಂಧಿಕರೊಬ್ಬರು ಅಳುತ್ತ ಬಂದರು. ನಮ್ಮ ಕಡೆಯ ಸಿಪಾಯಿಯೊಬ್ಬ ಹೋದನೆಂದು ರೇಡಿಯೊದಲ್ಲಿ ಹೇಳಿದರಂತೆ. ಹೆಸರು ಕಾಕಾನದೇ.

ಓಣಿಯ ಹೆಂಗಸರೆಲ್ಲ ಸೇರಿದರು. ಹಿರಿಯಳೊಬ್ಬಳು ಕಾಕಿಯ ಕೈ ಹಿಡಿದು ಬಳೆಗೆ ಕೈಹಾಕಿದಳು. ಕಾಕಿ ಕೈ ಕಿತ್ತುಕೊಂಡರು.

“ಬರೇ ಹೆಸರ ಹೇಳ್ಯಾರ. ನನ್ನ ಗಂಡ ಅಂತ ಯಾರ ಹೇಳ್ಯಾರ? ಬಳಿ ಮುಟ್ಟಬ್ಯಾಡ್ರಿ.”

ಹಾಗೆಂದವರೇ ಒಲೆ ಹಚ್ಚಿ ರೊಟ್ಟಿ ಬಡಿಯಲು ಕುಳಿತರು. ತಿನ್ನುವವರಿಲ್ಲದೆ ರೊಟ್ಟಿ ಬುಟ್ಟಿಯಲ್ಲಿ ಏರುತ್ತಲೇ ಹೋಯಿತು...

ಮರುದಿನ ಸಂಜೆ ಕಿರಾಣಿ ಅಂಗಡಿಯವರು ಓಡಿಬಂದರು. “ಅಕ್ಕಾರ, ಲಗೂನ ಬರ್ರಿ. ನಿಮ್ಮ ಮನಿಯವ್ರು ಫೋನ್ ಮಾಡ್ಯಾರ.”

ಕಾಲಿಗೆ ಪೆಟ್ಟಾಗಿ ಕಾಕಾ ಆಸ್ಪತ್ರೆಯಲ್ಲಿದ್ದರು. ಕಾಕಿ ಫೋನ್ ಹಿಡಿದು, “ಊಟಾ ಆತೇನ್ರಿ?” ಎಂದಷ್ಟೇ ಕೇಳಿದರು. ಆಮೇಲೆ ಜೋಳದ ಚೀಲದ ಮೇಲೆ ಕುಸಿದು ಅತ್ತರು. ನಮ್ಮವ್ವ ಅಲ್ಲಿದ್ದವರ ಬಾಯಿಗೆಲ್ಲ ಸಕ್ಕರೆ ಹಾಕಿದಳು. ಕಾಕಿ ಮಾತ್ರ ತಲೆಯೆತ್ತಿ, “ಹಂಗಾದ್ರ ಹೋದಾಂವ ಯಾರು?” ಎಂದರು.

ಹೋದವನು ಅದೇ ಹೆಸರಿನ ಸಾಲಹಳ್ಳಿಯವನು. ಕಾಕಾನ ತುಕಡಿಯವನೇ, ಅವರಿಗಿಂತ ಚಿಕ್ಕವನು.

ಕುಂಟುತ್ತ ಊರಿಗೆ ಬಂದ ಕಾಕಾ ಮೊದಲು ಹೊರಟದ್ದು ಸಾಲಹಳ್ಳಿಗೆ. “ನನಗ ಧೈರ್ಯ ಸಾಲವಲ್ದು, ನೀನೂ ಬಾರವ್ವಾ” ಎಂದು ಕಾಕಿ ನನ್ನನ್ನೂ ಕರೆದುಕೊಂಡು ಹೊರಟರು. ಬಸ್ಸು ಸವದತ್ತಿ ದಾಟುವವರೆಗೂ ಕಾಕಾ ಕಿಟಕಿಯಿಂದ ಮುಖ ತಿರುಗಿಸಲಿಲ್ಲ.

ಹೋದವನ ತಾಯಿ ಮನೆಯ ಕಟ್ಟೆಯ ಮೇಲೆ ಕುಳಿತಿದ್ದರು. ಕಾಕಾ ಕಟ್ಟೆಯ ಕೆಳಗೇ ನಿಂತು ತಮ್ಮ ಹೆಸರು ಹೇಳಿ, “ನಾ ಉಳದು ಬಂದೇನ್ರಿ, ಅವ್ವಾರ” ಎಂದರು. ಆಕೆ ಏನು ಶಾಪ ಹಾಕಿದರೂ ಕೇಳಿಕೊಳ್ಳಲು ಬಂದವರಂತೆ ತಲೆತಗ್ಗಿಸಿದ್ದರು.

ಆಕೆ ಅವರ ಮುಖವನ್ನೇ ನೋಡಿದರು. “ಈ ಹೆಸರ ಕರದು ಭಾಳ ದಿನಾ ಆತಪಾ. ಒಮ್ಮೆ ಕರೀತೇನಿ. ಓ ಅನ್ನು.”

ಕರೆದರು. ಕಾಕಾ ಓ ಎಂದರು. ಮತ್ತೆ ಕರೆದರು...

ವಾಪಸು ಬರುವಾಗ ಕಾಕಾ ಕಾಕಿಯ ಹೆಗಲಿಗೆ ತಲೆಯಿಟ್ಟು ನಿದ್ದೆಹೋದರು. ಯುದ್ಧದ ಗುಡ್ಡ ಇಳಿದು ಬಂದ ಮೇಲೆ ಅವರು ಹಾಗೆ ನಿದ್ದೆ ಮಾಡಿದ್ದು ಅದೇ ಮೊದಲು ಎಂದು ಕಾಕಿ ಪಿಸುಗುಟ್ಟಿದರು. ಆಮೇಲೆ ಪ್ರತಿ ರಜೆಯಲ್ಲೂ ಕಾಕಾ ಸಾಲಹಳ್ಳಿಗೆ ಹೋದರು. ಕೊನೆಗೆ ಆ ತಾಯಿ ತೀರಿಕೊಂಡಾಗ ಹೆಗಲು ಕೊಟ್ಟವರೂ ಅವರೇ.

ಕಾಕಾ ಹೋದ ವರ್ಷ ತೀರಿಕೊಂಡರು. ಮೊನ್ನೆ ಬೈಲಹೊಂಗಲದಿಂದ ನೇರ ದೇಗಾಂವಕ್ಕೆ ಹೋಗಿ ಕಾಕಿಯ ಹತ್ತಿರ ಕುಳಿತೆ. “ಮುದುಕ ಆಗಿ, ನನ್ನ ಕೈಯಾಗ ನೀರ ಕುಡದು ಹ್ವಾದ್ರು. ಫೌಜಿನವ್ರ ಹೇಣ್ತಿಗೆ ಇನ್ನೇನ ಬೇಕ ಹೇಳು” ಎಂದು ನಕ್ಕರು. ನಕ್ಕವರು ಹಾಗೇ ಸೆರಗಿನಿಂದ ಕಣ್ಣೊರೆಸಿಕೊಂಡರು.