ಬ್ಯಾಂಡಿನವರ ಊಟ

ಹಳೆಯ ಬ್ಯಾಂಡಿನ ಕಾಲ ಎಷ್ಟು ಚಂದ ಇತ್ತು ಎಂದು ಕಣ್ಣು ಒರೆಸಿಕೊಳ್ಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಮೊನ್ನೆ ನೀವೂ ಮೊಬೈಲಿನಲ್ಲಿ ಯಾವುದೋ ಊರಿನ ಮದುವೆ ಮೆರವಣಿಗೆ ತೋರಿಸಿ, "ಆಯಿ, ಅಜ್ಜಾನೂ ಹಿಂಗ ಊದತಿದ್ದನೇನು? ಎಷ್ಟ ಮಸ್ತ್ ಐತಿ!" ಅಂದಿರಿ. ಎದುರಿಗೆ ಕೂತು ಮಾತಾಡುವುದು ನನಗೆ ಮೊದಲಿನಿಂದಲೂ ಆಗುವುದಿಲ್ಲ, ಮೊಮ್ಮಕ್ಕಳಾದರೂ ಅಷ್ಟೇ. ಊರ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಕಲಿತಿದ್ದೇನೆ. ಬರೆಯುವುದಾದರೆ ಬರೆದೇನು.

ನಿಮ್ಮ ಅಜ್ಜ ನಿಪ್ಪಾಣಿಯ ಒಂದು ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿನೆಟ್ ಊದುತ್ತಿದ್ದರು. ಹನ್ನೆರಡು ಮಂದಿ ಇದ್ದರು, ಎಲ್ಲರಿಗೂ ಹೆಗಲ ಮೇಲೆ ಹಳದಿ ಗೊಂಡೆ ಹಚ್ಚಿದ ಕೆಂಪು ಕೋಟು. ಬೆಳಗಾವಿಯ ಮಿಲಿಟರಿ ಬ್ಯಾಂಡಿನಲ್ಲಿದ್ದು ಮುದುಕನಾಗಿ ಹೊರಬಿದ್ದವನೊಬ್ಬ ಅವರಿಗೆಲ್ಲ ಕಲಿಸಿದ್ದ. ಗೋರಾ ಸಾಹೇಬರು ಕುಣಿಯುವಾಗ ಬಾರಿಸುತ್ತಿದ್ದುದಂತೆ ಒಂದು ಧಾಟಿ, ಅದನ್ನೂ ಕಲಿಸಿದ್ದ. ಟ್ರಂಪೆಟ್ಟಿನಂಥ ಪಿತ್ತಾಳಿ ವಾದ್ಯಗಳೆಲ್ಲ ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು. ನಡುವೆ ಕ್ಲಾರಿನೆಟ್ ಒಂದೇ ಅವುಗಳ ಕೈ ತಪ್ಪಿಸಿಕೊಂಡು ಓಡುತ್ತಿತ್ತು. ಕೇಳಿದವರ ಹೆಗಲು ತಾವೇ ತೂಗುತ್ತಿದ್ದವು. ಚಿಕ್ಕೋಡಿಯಿಂದ ಅಥಣಿಯವರೆಗೂ ಜನ ಅದನ್ನು 'ತೂಗೋ ಟ್ಯೂನ್' ಎಂದೇ ಕರೆದು ಬಾರಿಸಲು ಹೇಳುತ್ತಿದ್ದರು. ಚಲೋ ಇತ್ತು. ಇಲ್ಲವೆನ್ನಲು ನಾನೇನು ಕಿವುಡಿಯಲ್ಲ.

ಆದರೆ ಈಗ ಕಣ್ಣೀರು ಹಾಕುವವರಿಗೆ ಟ್ಯೂನ್ ಒಂದೇ ನೆನಪಿದೆ. ತೆಲಸಂಗದ ಬಯಲಲ್ಲಿ ಸುಡುಬಿಸಿಲಿಗೆ ಆ ದಪ್ಪ ಕೋಟು ಹಾಕಿಕೊಂಡು ಮೂರು ತಾಸು ನಿಂತವರು ನೆನಪಿಲ್ಲ. ಒಳಗೆ ಅಂಗಿ ತೊಟ್ಟರೆ ಜೀವ ಹೋಗುತ್ತದೆಂದು ಬರೀ ಬನಿಯನ್ನಿನ ಮೇಲೆಯೇ ಕೋಟು ಹಾಕುತ್ತಿದ್ದರು. ಬೆವರಿಗೆ ಅದು ಉಪ್ಪು ಹಿಡಿದು ರಟ್ಟಿನಂತೆ ನಿಲ್ಲುತ್ತಿತ್ತು. ಒಗೆದವಳು ನಾನು, ನನಗೆ ಗೊತ್ತು. ಕುಡಿದ ಬೀಗರು ಕಾಲರ್ ಹಿಡಿದು ಜಗ್ಗಿ, "ಏ ಬ್ಯಾಂಡ್, ಅದನ್ನ ಇನ್ನೊಮ್ಮಿ ಹೊಡಿಯಲೇ" ಅನ್ನುತ್ತಿದ್ದರು. ಊಟಕ್ಕೆ ಎಲ್ಲ ಪಂಕ್ತಿಗಳೂ ಎದ್ದಮೇಲೆ, ಮದುವೆ ಹಂದರದ ಹಿಂದೆ, ಪಾತ್ರೆ ತೊಳೆಯುವ ಕಡೆ ಕೂಡಿಸುತ್ತಿದ್ದರು. ತಳ ಹಿಡಿದ ಅನ್ನ, ತಿಳಿಯಾದ ಸಾರು. ಇದೆಲ್ಲ ಯಾವುದೋ ರಾಜರ ಕಾಲದ ಮಾತಲ್ಲ. ಎರಡು ಸಾವಿರದ ಇಸವಿ ದಾಟಿದ ಮೇಲಿನದು, ನಿಮ್ಮ ಅವ್ವ ಕಾಲೇಜಿಗೆ ಹೋಗುತ್ತಿದ್ದಳು.

ಮುಂದೆ ಡಿಜೆ ಬಂತು. ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಕಪಾಟಿನಂಥ ಡಬ್ಬಿಗಳನ್ನು ಪೇರಿಸಿ ಮನೆ ಗೋಡೆ ನಡುಗಿಸುವ ದರಿದ್ರ ಅದು. ಅದನ್ನೂ ನಾನು ಹೊಗಳುವುದಿಲ್ಲ. ಕಂಪನಿ ಮುರಿದುಬಿತ್ತು. ದೊಡ್ಡ ಡ್ರಮ್ಮಿನವನು ತಂಬಾಕಿನ ಗೋದಾಮಿಗೆ ಸೇರಿದ, ನಿಮ್ಮ ಅಜ್ಜ ಒಂದು ಶಾಲೆಯ ವಾಚ್‌ಮನ್ ಆದರು.

ನಾಲ್ಕೈದು ವರ್ಷದ ಮೇಲೆ ಕರೋಶಿ ಕಡೆಯ ಒಬ್ಬ ಸಾವುಕಾರರು ಕಾರು ತಗೊಂಡು ನಮ್ಮ ಓಣಿಗೆ ಬಂದರು. ಕಬ್ಬಿನ ಹೊಲ ಬಹಳ ಇದ್ದವರು. ಮಗನ ಮದುವೆ.

"ಡಿಜೆ ಕೇಳಿ ಕೇಳಿ ಕಿವಿ ಕಿತ್ತ ಹೋಗ್ಯಾವ್ರಿ ಮಾಸ್ತರ," ಎಂದರು. "ನಿಮ್ಮ ಹಳೇ ಬ್ಯಾಂಡ ಬೇಕು ನಮಗ. ಆ ತೂಗೋ ಟ್ಯೂನ್ ಆಗಬೇಕ ಮತ್ತ."

ಏ ಬ್ಯಾಂಡ್ ಎನಿಸಿಕೊಂಡವರು ಈಗ ಮಾಸ್ತರ ಆಗಿದ್ದರು. ನಾನು ಕೊಟ್ಟ ಚಹಾ ಮಾತ್ರ ಸಾವುಕಾರರು ಮುಟ್ಟಲಿಲ್ಲ, ಸಕ್ಕರೆ ಕಾಯಿಲೆ ಅಂದರು. ಹೋಗುವಾಗ ನಮ್ಮ ಓಣಿಯ ತುದಿಯ ಹೋಟೆಲಿನಲ್ಲಿ ನಿಂತು ಚಹಾ ಕುಡಿದೇ ಕಾರು ಹತ್ತಿದರು.

ಅಜ್ಜ ಕೇಳಿದ್ದು ಒಂದೇ. "ಬಾರಸ್ತೀವ್ರಿ ಸಾವುಕಾರ. ಆದ್ರ ಈ ಸಲ ನಮ್ಮನ್ನ ಎಲ್ಲಾರ ಜೋಡಿ ಪಂಕ್ತ್ಯಾಗ ಕುಂಡರಸಬೇಕು."

ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅವರು ಜೀವಮಾನದಲ್ಲಿ ಯಾರಿಗೂ ಹಾಗೆ ಕೇಳಿದವರಲ್ಲ. ಸಾವುಕಾರರು ನಕ್ಕರು. "ಇದೇನ ಕೇಳೂ ಮಾತೇನ್ರಿ? ಬೀಗರ ಮಗ್ಗಲಕ್ಕ ಕುಂಡರಸ್ತೀನಿ. ವೈನ್ಯಾರನೂ ಕರ್ಕೊಂಡ ಬರ್ರಿ," ಎಂದು ನಾನಿದ್ದ ಬಾಗಿಲ ಕಡೆ ಕೈ ಮಾಡಿದರು.

ಹನ್ನೆರಡರಲ್ಲಿ ಉಳಿದವರು ಏಳು ಮಂದಿ. ನಮ್ಮ ಅಂಗಳದಲ್ಲಿ ತಿಂಗಳು ಪೂರ್ತಿ ರಿಯಾಜು ನಡೆಯಿತು. ಟ್ರಂಪೆಟ್ಟಿನವನಿಗೆ ಮುಂದಿನ ಹಲ್ಲು ಇರಲಿಲ್ಲ. "ಹಲ್ಲಿಲ್ಲದ ಬಾಯಿಗೆ ಪಿತ್ತಾಳಿ ಯಾಕಲೇ ಮುದಕಾ?" ಎಂದು ಡ್ರಮ್ಮಿನವನು ಚೇಷ್ಟೆ ಮಾಡಿದರೆ, "ನೀ ಕೋಲ ಹಿಡಿ. ನಾ ಹಲ್ಲಲೆ ಊದೂದಿಲ್ಲ, ಎದಿಲೆ ಊದತೀನಿ" ಎಂದು ಅವನು ತಿರುಗಿ ಕೊಡುತ್ತಿದ್ದ. ಅಜ್ಜನಿಗೆ ಟ್ಯೂನಿನ ಚಿಂತೆ ಇರಲಿಲ್ಲ, ಅದು ಬೆರಳಿನಲ್ಲೇ ಇತ್ತು. ಚಿಂತೆ ಪಂಕ್ತಿಯದು. "ಬೀಗರ ಮಗ್ಗಲಕ್ಕ ಅಂದ್ರ ಮಾತಾಡಬೇಕಾಗತೈತಿ. ಏನ್ ಮಾತಾಡೂದು?" ಎಂದು ನನ್ನನ್ನು ಕೇಳುತ್ತಿದ್ದರು. ಕೇಳಲು ಒಳ್ಳೆ ಜನ ಸಿಕ್ಕಿದ್ದರು!

ಮದುವೆಯ ದಿನ ಕೊನೆಯ ಅಕ್ಷತೆ ಬೀಳುತ್ತಲೇ ಭಟ್ಟರು ಕೈ ಎತ್ತಿದರು, ಏಳೂ ಮಂದಿ ಒಮ್ಮೆಲೇ ಹೊಡೆದರು. ಆಮೇಲೆ ತೂಗೋ ಟ್ಯೂನ್. ಹಂದರಕ್ಕೆ ಹಂದರವೇ ಮೊಬೈಲ್ ಎತ್ತಿ ಹಿಡಿಯಿತು. ದಪ್ಪ ದಪ್ಪ ಮೀಸೆಯವರು ಮೂಗು ಸುರಿಸಿಕೊಂಡು, "ನಮ್ಮ ಕಾಲ ತಿರಗಿ ಬಂತು" ಎಂದರು. ಯಾರ ಕಾಲವೋ ಏನೋ.

ಊಟದ ಹೊತ್ತಿಗೆ ಸಾವುಕಾರರ ತಂಗಿ ನನ್ನ ಕೈ ಹಿಡಿದು ಹೆಂಗಸರ ಪಂಕ್ತಿಯಲ್ಲಿ ಕೂಡಿಸಿದಳು. ಒಳ್ಳೆಯ ಸೀರೆ ಉಟ್ಟಿದ್ದೆ. ನಾನು ಯಾರೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಲ್ಲಿಂದ ಗಂಡಸರ ಪಂಕ್ತಿಯ ಬಾಗಿಲು ಕಾಣುತ್ತಿತ್ತು, ಅಲ್ಲಿಯ ಮಾತೂ ಕೇಳುತ್ತಿತ್ತು. ಏಳು ಕೆಂಪು ಕೋಟುಗಳು ಕೈಕಾಲು ತೊಳೆದುಕೊಂಡು ಸಾಲಾಗಿ ಬಂದವು, ಮುಂದೆ ನಿಮ್ಮ ಅಜ್ಜ. ಬಾಗಿಲಲ್ಲಿ ಸಾವುಕಾರರ ತಮ್ಮ ನಿಂತಿದ್ದ.

"ಕೋಟ್ ಕಳದ ಬರ್ರಿ ಮಾಸ್ತರ," ಎಂದ. ಬಹಳ ಮೆತ್ತಗೆ. "ಪಂಕ್ತ್ಯಾಗ ಬ್ಯಾಂಡಿನ ಡ್ರೆಸ್ ಚಂದ ಕಾಣಂಗಿಲ್ಲ. ಬೀಗರು ಕುಂತಾರ."

ತಿಂಗಳು ಪೂರ್ತಿ ಪಂಕ್ತಿಯ ಮಾತಾಡಿದ ಆ ಏಳು ಜನರಲ್ಲಿ ಒಬ್ಬನೂ ಒಂದು ಅಂಗಿ ತಂದಿರಲಿಲ್ಲ. ಜನ್ಮವಿಡೀ ಮಾಡಿದಂತೆ ತೂತುಬಿದ್ದ ಬನಿಯನ್ನಿನ ಮೇಲೆ ಕೋಟು ಏರಿಸಿ ಟೆಂಪೋ ಹತ್ತಿದ್ದರು. ಕಟ್ಟಿಕೊಡಬೇಕೆಂದು ನನಗಾದರೂ ಹೊಳೆಯಲಿಲ್ಲ. ಅಜ್ಜ ಮೇಲಿನ ಗುಂಡಿಗೆ ಕೈ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿಕೊಂಡರು.

"ಹಿಂದ ನಿಮಗ ಸಪರೇಟ್ ವ್ಯವಸ್ಥಾ ಮಾಡೀವಿ. ಬಿಸಿಬಿಸಿ ಐತಿ," ಎಂದ ಆ ತಮ್ಮ. ಒಳಗೆ ಬೀಗರ ಪಕ್ಕದಲ್ಲಿ ನಿಂತಿದ್ದ ಸಾವುಕಾರರು ಇದೆಲ್ಲ ನೋಡಿದರು. ನೋಡಿ, ಭಾತು ಬಡಿಸುವವನನ್ನು ಗಟ್ಟಿಯಾಗಿ ಕರೆಯತೊಡಗಿದರು. ಏಳೂ ಕೋಟುಗಳು ತಿರುಗಿದವು.

ನಾನು ಏಳಬೇಕಾಗಿತ್ತು. ಎಲೆಗೆ ಬಡಿಸಿಯಾಗಿತ್ತು, ಸುತ್ತ ಐವತ್ತು ಹೆಂಗಸರು. ಸಾವುಕಾರರ ತಂಗಿ ಹೋಳಿಗೆಯ ಮೇಲೆ ತುಪ್ಪ ಸುರಿಯುತ್ತ, "ಏನ್ ಬಾರಿಸಿದ್ರವ್ವಾ, ನನಗ ಕಣ್ಣಾಗ ನೀರ ಬಂತು. ನಿಮಗ ಹೆಂಗ ಅನಿಸ್ತು?" ಅಂದಳು.

"ಚಲೋ ಇತ್ರಿ," ಅಂದೆ. ಎರಡು ಹೋಳಿಗೆ ತಿಂದೆ. ಅವರನ್ನು ಬೈಯುವಾಗ ನನ್ನನ್ನು ಬಿಡುವುದು ನ್ಯಾಯವಲ್ಲ.

ಟೆಂಪೋದಲ್ಲಿ ಡ್ರಮ್ಮಿನವನು, "ಏನ ಅನ್ರಲೇ, ಈ ಸಲ ಊಟ ಬಿಸಿ ಇತ್ತು," ಎಂದ. ಎಲ್ಲರೂ ನಕ್ಕರು. ನಾಚಿಕೆಗೆಟ್ಟ ಮುದುಕರು. ಅಜ್ಜ ಮಾತ್ರ ನನ್ನ ಕಡೆ ತಿರುಗಿ, "ನಿಂದ ಊಟಾ ಎಲ್ಲಾತು?" ಅಂದರು.

"ಪಂಕ್ತ್ಯಾಗ."

ಮತ್ತೆ ಕೇಳಿದರು, "ಎಷ್ಟ ಸಲ ಬಡಸಾಕ ಬಂದ್ರು?"

"ಮೂರ ಸಲ ಬಂದ್ರ್ರಿ."

"ಸಾವುಕಾರ ಬಂದು, ಸಾವಕಾಶ ಆಗಲಿ ಅಂದ್ರೇನು?"

"ಅಂದ್ರ್ರಿ."

ಅವರು ತಲೆ ಆಡಿಸಿದರು, ಆ ಮಾತು ತಮಗೇ ಹೇಳಿದರೆಂಬಂತೆ.

ಮರುವರ್ಷ ರಾಯಬಾಗದಿಂದ ಇನ್ನೊಬ್ಬರು ಬಂದರು. ಯಾರದೋ ಮೊಬೈಲಿನಲ್ಲಿ ನೋಡಿದ್ದರಂತೆ. "ನಮ್ಮ ಮದವಿಗೂ ಆ ಟ್ಯೂನ್ ಬೇಕ್ರಿ. ಹಳೇದರ ಮಜಾನ ಬ್ಯಾರೆ," ಎಂದರು. ಅಜ್ಜ ಆಗಲೇ ಕೂತಿದ್ದ ಹೊರಸಿನಿಂದ ಅರ್ಧ ಎದ್ದಿದ್ದರು. ನಾನು ಬಾಗಿಲ ಹಿಂದಿನಿಂದ ಹೊರಗೆ ಬಂದೆ. ಪರ ಗಂಡಸಿನ ಮುಂದೆ ನಿಂತು ನಾನಾಗಿ ಬಾಯಿ ತೆರೆದದ್ದು ಅದೇ ಮೊದಲು.

"ಬರಂಗಿಲ್ರಿ ಅವರು."

"ಯಾಕ್ರಿ ವೈನಿ?"

ಅಲ್ಲೇ ನಿಂತುಕೊಂಡೆ, ಬಂದವರು ಚಪ್ಪಲಿ ಮೆಟ್ಟಿ ಹೋಗುವವರೆಗೂ.

ನಿಮ್ಮ ಅಜ್ಜ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ಬಾರಿಸುವ ಆಸೆ ಅವರಿಗಿನ್ನೂ ಇತ್ತು. ಅದಕ್ಕಾಗಿ ಮತ್ತೆ ಹಂದರದ ಹಿಂದೆ ಕೂತು ಉಣ್ಣಲೂ ಅವರು ತಯಾರಿದ್ದರು. ನಾನು ತಯಾರಿರಲಿಲ್ಲ.