ನಾನು ವಿಚಾರಿಸದೆ ಬಿಟ್ಟ ಕಾರು

ಅಣ್ಣ ನನಗೆ ಒಪ್ಪಿಸಿದ್ದು ಒಂದೇ ಒಂದು ಕೆಲಸ. ಅದನ್ನು ನಾನು ಮಾಡಲಿಲ್ಲ. ಮಾಡಿದೆ ಎಂದು ಮಾತ್ರ ಹೇಳಿದೆ. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು ನಾನು, ಬರೆಯುವ ಅಭ್ಯಾಸ ಕಡಿಮೆ. ಆದರೂ ಇದನ್ನು ನನ್ನ ಕೈಯಲ್ಲೇ ಬರೆಯಬೇಕು.

ಅದು ತೊಂಬತ್ಮೂರನೇ ಇಸವಿ. ನನಗೆ ಮದುವೆಯಾಗಿ ಆರು ತಿಂಗಳಾಗಿತ್ತು. ತವರು ಅಕ್ಕಿಹೆಬ್ಬಾಳಿನ ಹತ್ತಿರ, ಕೊಟ್ಟ ಊರು ಪಾಂಡವಪುರದ ಪಕ್ಕ. ಗಂಡನ ಊರಿಂದ ಎರಡು ಮೈಲಿಯಾಚೆಯ ಹಳ್ಳಿಯಲ್ಲಿ ಒಂದು ಬಿಳಿ ಕಾರು ಮಾರಾಟಕ್ಕಿದೆ ಎಂದು ಅಣ್ಣನ ಕಿವಿಗೆ ಬಿದ್ದಿತ್ತು. ಬಾಡಿಗೆಗೆ ಓಡಿಸಬೇಕೆಂಬ ಆಸೆ ಅವನಿಗೆ. ನಮ್ಮ ಜಗಲಿಯ ಮೇಲೆ ಕೂತು ನೀರು ಕುಡಿಯುತ್ತಲೇ ಹೇಳಿದ.

"ಇಂಜಿನ್ನ ನಮ್ ಮೆಕ್ಯಾನಿಕ್ಕು ನೋಡ್ತಾನೆ. ಗಾಡಿ ಎಂಗ್ ಬಾಳೈತೆ ಅನ್ನೋದು ಊರೋರ್ಗೇ ಗೊತ್ತಿರೋದು. ಎಣ್ಣು ನೋಡಕ್ ಮುಂಚೆ ವಿಚಾರ್ಸಲ್ವಾ, ಅಂಗೆ ವಿಚಾರ್ಸ್ಬುಡು ಕಣಮ್ಮಿ. ಗಂಡುಸ್ರು ಒಬ್ರನ್ನೊಬ್ರು ಬುಟ್ಕೊಡಕಿಲ್ಲ. ನೀನು ನಲ್ಲಿ ತಾವ ಎಂಗುಸ್ರುನ್ನ ಕೇಳು."

"ಕೇಳ್ತೀನಿ ಬುಡಣ್ಣ," ಅಂದೆ.

ಮೆಕ್ಯಾನಿಕ್ಕು ಅಂದರೆ ಅಣ್ಣನ ಜೊತೆ ಗೋಲಿ ಆಡಿ ಬೆಳೆದವನು. ಕೆ.ಆರ್. ಪೇಟೆಯಲ್ಲಿ ಅವನದೊಂದು ಶೆಡ್ಡು.

ಮಾರನೆಯ ದಿನ ನಾನು ಆ ಹಳ್ಳಿಗೆ ಹೋದದ್ದು ನಿಜ. ಕಾರಿನ ಮನೆಯಾಕೆ ಕಾಫಿ ಕೊಟ್ಟು, ಹಿಂದಿನ ಸೀಟಿನಲ್ಲಿ ಕೂರಿಸಿ, ಕಿಟಕಿಯ ಗಾಜು ಇಳಿಸುವುದನ್ನು ಹೇಳಿಕೊಟ್ಟಳು. ಹಿಡಿ ತಿರುಗಿಸಿದರೆ ಗಾಜು ತಾನಾಗಿ ಕೆಳಗೆ ಹೋಗುತ್ತಿತ್ತು. ಏಳೆಂಟು ಸಲ ಇಳಿಸಿ ಏರಿಸಿದೆ. ಆಕೆಯ ಗಂಡ ನಮ್ಮಿಬ್ಬರನ್ನೂ ಕೂರಿಸಿಕೊಂಡು ಪಾಂಡವಪುರದವರೆಗೂ ಹೋಗಿ ಬಂದ. ಕಬ್ಬಿನ ಗದ್ದೆಗಳು ಎರಡೂ ಕಡೆ ಓಡುತ್ತಿದ್ದವು. ನನ್ನ ಎದೆ ಅದಕ್ಕಿಂತ ಜೋರಾಗಿ ಓಡುತ್ತಿತ್ತು. ಅದುವರೆಗೆ ತವರಿಗೆ ಹೋಗಬೇಕೆಂದರೆ ಪಾಂಡವಪುರಕ್ಕೊಂದು ಬಸ್ಸು, ಕೆ.ಆರ್. ಪೇಟೆಗೊಂದು, ಅಕ್ಕಿಹೆಬ್ಬಾಳಿಗೆ ಇನ್ನೊಂದು. ಅದೂ ನಿಂತುಕೊಂಡು. ಇನ್ನು ಮೇಲೆ ಗೌರಿ ಹಬ್ಬಕ್ಕೆ ಅಣ್ಣ ಕಾರಿನಲ್ಲಿ ಬಂದು, ನಮ್ಮತ್ತೆಯ ಎದುರಿಗೇ ಬಾಗಿಲು ತೆಗೆದು ನನ್ನನ್ನು ಹತ್ತಿಸಿಕೊಳ್ಳುತ್ತಾನೆ. ಕೂತಲ್ಲೇ ಅದನ್ನೆಲ್ಲ ಕಂಡುಬಿಟ್ಟೆ.

ವಾಪಸು ನಡೆದು ಬರುವಾಗ ನಲ್ಲಿಯ ಹತ್ತಿರ ನಾಲ್ಕೈದು ಹೆಂಗಸರು ಬಿಂದಿಗೆ ಇಟ್ಟುಕೊಂಡು ನಿಂತಿದ್ದರು. ಅದರಲ್ಲೊಬ್ಬಳು ವಯಸ್ಸಾದವಳು ತಾನಾಗೇ ಕೇಳಿದಳು.

"ಯಾಕವ್ವ, ಕಾರ್ ನೋಡಕ್ ಬಂದಿದ್ದಾ?"

"ಊಂ ಕಣಜ್ಜಿ."

ಅವಳು ಬಿಂದಿಗೆ ಕೆಳಗಿಟ್ಟು ನನ್ನ ಮುಖ ನೋಡಿದಳು. ಇನ್ನೊಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಿದರೆ ಇವಳೇನಾದರೂ ಹೇಳಿಬಿಟ್ಟಾಳು, ಹೇಳಿದರೆ ಕಾರು ಬಾರದೆ ಹೋದೀತು ಎಂದು ದಿಗಿಲಾಯಿತು. ಬಿಸಿಲು ಜಾಸ್ತಿ ಎಂದುಕೊಂಡು ಸೆರಗು ತಲೆಗೆಳೆದು ಬಿರಬಿರನೆ ಹೊರಟುಬಂದೆ.

ನಾಲ್ಕು ದಿನ ಬಿಟ್ಟು ಅಣ್ಣ ಬಂದ. "ಎಲ್ರುನೂ ಕೇಳ್ದೆ ಕಣಣ್ಣ, ಒಂದ್ ಕೊಂಕೂ ಇಲ್ವಂತೆ," ಅಂದೆ. ಅವನು ನನ್ನ ಕೆನ್ನೆ ಹಿಂಡಿದ. ಮೆಕ್ಯಾನಿಕ್ಕು ಇಂಜಿನ್ನು ನೋಡಿ ತಗೋ ಅಂದ ಮೇಲೆ ಕಾರು ಕೊಂಡೇಬಿಟ್ಟ.

ಆ ಮೂರು ವರ್ಷದ ಸಂಭ್ರಮ ಹೇಳಿ ಮುಗಿಯುವುದಿಲ್ಲ. ಬೀದಿಯ ತುದಿಯಲ್ಲಿ ಹಾರನ್ನು ಕೇಳಿದರೆ ನಮ್ಮತ್ತೆಯೇ ಮೊದಲು ಬಾಗಿಲಿಗೆ ಬರುತ್ತಿದ್ದರು. ಕೆ.ಆರ್.ಎಸ್.ಗೆ ಹೋದೆವು, ಶ್ರೀರಂಗಪಟ್ಟಣದ ಸಂಗಮದಲ್ಲಿ ಮಿಂದು ಒದ್ದೆ ಸೀರೆಯನ್ನು ಕಿಟಕಿಯಲ್ಲಿ ಹಿಡಿದು ಒಣಗಿಸಿಕೊಂಡೇ ಬಂದೆವು. ಮಳೆ ಬಂದರೆ ಕಾರಿನೊಳಗೆ ಗದ್ದೆಯ ಕೆಸರಿನ ವಾಸನೆ ಬರುತ್ತಿತ್ತು. "ನಮ್ ಕಾರೂ ಒಕ್ಲುತನದ್ದೇ ಕಣೇ," ಎಂದು ಅತ್ತಿಗೆ ನಗುತ್ತಿದ್ದಳು. ನನಗೂ ಆ ವಾಸನೆ ಇಷ್ಟವಾಗಿತ್ತು.

ತೊಂಬತ್ತಾರರ ಬೇಸಿಗೆಯಲ್ಲಿ ತವರಿನಿಂದ ನಾಗಮಂಗಲಕ್ಕೆ ನೆಂಟರ ಮದುವೆಗೆ ಹೊರಟೆವು. ಅಣ್ಣ ಮುಂದೆ, ನಾನೂ ಅತ್ತಿಗೆಯೂ ಹಿಂದೆ. ಕೆ.ಆರ್. ಪೇಟೆ ದಾಟಿ ಎರಡು ಮೈಲಿ ಹೋಗಿರಬೇಕು, ಒಂದು ಹಳ್ಳಕ್ಕೆ ಚಕ್ರ ಇಳಿಯಿತು. ನನ್ನ ಕಾಲಡಿಯಲ್ಲಿ ಹಪ್ಪಳ ಮುರಿದ ಹಾಗೆ ಸದ್ದಾಯಿತು. ಹಿಮ್ಮಡಿ ಕುಸಿಯಿತು. ಕಾಲು ಎಳೆದುಕೊಂಡು ನೋಡಿದರೆ ಕೆಳಗೆ ರಸ್ತೆ, ಸರಸರನೆ ಹಿಂದಕ್ಕೆ ಓಡುತ್ತಿರುವ ಟಾರು ರಸ್ತೆ. ನನ್ನ ಒಂದು ಚಪ್ಪಲಿ ಇಲ್ಲ. ತಿರುಗಿ ನೋಡಿದೆ, ಹೊಸ ಚಪ್ಪಲಿ ನಡುರಸ್ತೆಯಲ್ಲಿ ಬಿದ್ದಿತ್ತು.

"ಅಣ್ಣ, ನಿಲ್ಸು, ಚಪ್ಲಿ ಬಿದ್ದೋಯ್ತು."

"ಬಾಗ್ಲಾಕೈತೆ, ಎಲ್ಲಿಂದ ಬಿದ್ದದ್ದು?"

"ಕೆಳುಗಿಂದ."

ಅತ್ತಿಗೆ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡಳು. ನಾನೂ ನಕ್ಕೆ. ಅಣ್ಣ ಕಾರು ನಿಲ್ಲಿಸಿ ಕಾಲಡಿಯ ರಬ್ಬರಿನ ಹಾಸು ಎತ್ತಿದ ಮೇಲೆ ಯಾರಿಗೂ ನಗು ಬರಲಿಲ್ಲ. ತುಕ್ಕಿಗೆ ಟಾರು ಬಳಿದು, ಮೇಲೆ ಬಣ್ಣ ಹೊಡೆದಿದ್ದರು. ಬೆರಳಲ್ಲಿ ಒತ್ತಿದರೆ ತಗಡು ಪುಡಿಪುಡಿ.

ಮದುವೆ ಬಿಟ್ಟು, ಚಪ್ಪಲಿಯ ಗೊಡವೆಗೂ ಹೋಗದೆ, ಮೆಲ್ಲಗೆ ಉರುಳಿಸಿಕೊಂಡು ಶೆಡ್ಡಿಗೆ ಬಂದೆವು. ಮೆಕ್ಯಾನಿಕ್ಕು ಕಾರಿನಡಿ ತೂರಿ ನೋಡಿ ಬಂದು, ಬಾಗಿಲಿನ ಒಳಗಿನ ರಟ್ಟನ್ನು ಬಿಚ್ಚಿದ. ದೊಪ್ಪನೆ ಮಣ್ಣು ಸುರಿಯಿತು. ಒಣಗಿದ ಹೂಳು. ಅದರಲ್ಲಿ ಹುಲ್ಲಿನ ಎಸಳು, ಸಣ್ಣ ಸಣ್ಣ ಬಸವನಹುಳದ ಚಿಪ್ಪು.

"ಇದು ನೀರೊಳಗ್ ಮುಳ್ಗಿದ್ ಗಾಡಿ ಕಣ್ಲಾ," ಅಂದ. "ಅಡಿ ಎಲ್ಲಾ ತಿಂದೋಗೈತೆ. ಇನ್ಮೇಲೆ ಜನ ಕೂರುಸ್ಬ್ಯಾಡ."

"ನೀನೇ ಅಲ್ವೇನ್ಲಾ ನೋಡಿ ತಗೋ ಅಂದೋನು?"

"ಇಂಜಿನ್ ನೋಡು ಅಂತ ನೀನಂದೆ, ನಾನ್ ನೋಡ್ದೆ. ಊರೊಳ್ಗೆ ತಂಗಿ ವಿಚಾರ್ಸವ್ಳೆ ಅಂತ ನೀನೇ ಯೋಳ್ದೆ."

"ನನ್ ತಂಗಿ ಎಸ್ರು ಎತ್ಬ್ಯಾಡ. ಅವ್ಳು ಅವ್ಳ್ ಕೆಲ್ಸ ಮಾಡವ್ಳೆ. ಕಣ್ ಮುಚ್ಕೊಂಡಿದ್ದೋನು ನೀನು."

ನಾನು ಒಂದೇ ಚಪ್ಪಲಿಯಲ್ಲಿ ಅವರಿಬ್ಬರ ಮಧ್ಯೆ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಗಂಡನ ಊರಿಗೆ ವಾಪಸು ಹೋದ ಮಾರನೆಯ ದಿನವೇ ಆ ಹಳ್ಳಿಯ ನಲ್ಲಿಯ ಹತ್ತಿರ ಹೋಗಿ, ಮೂರು ವರ್ಷ ತಡವಾಗಿ, ಆ ಪ್ರಶ್ನೆ ಕೇಳಿದೆ. ಅದೇ ಅಜ್ಜಿ ಸಿಕ್ಕಳು.

"ಆ ಕಾರಾ? ನೀ ಮದ್ವೆಯಾಗಿ ಬರಕ್ ಮುಂಚೆ ನಾಲೆಗ್ ಬಿದ್ದಿತ್ತಲ್ಲವ್ವ. ಎಲ್ಡ್ ದಿನ ನೀರ್ನಾಗಿತ್ತು, ಟ್ರಾಕ್ಟರ್ ಕಟ್ಟಿ ಎಳುದ್ರು. ಅವತ್ತೇ ಯೋಳನಾ ಅಂದ್ರೆ ನೀ ನಿಲ್ನೇ ಇಲ್ಲ."

ಅಣ್ಣ ಕಾರನ್ನು ಕೊಟ್ಟಿಗೆಯಲ್ಲಿ ಇಟ್ಟಿಗೆಯ ಮೇಲೆ ನಿಲ್ಲಿಸಿ, ಬೇರೆಯವರ ಟೆಂಪೋ ಓಡಿಸತೊಡಗಿದ. ಮೆಕ್ಯಾನಿಕ್ಕಿನ ಜೊತೆ ಮಾತು ಬಿಟ್ಟ. ಅಷ್ಟೇ ಆಗಿದ್ದರೆ ನಾನು ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ. ಅವನು ಸ್ಟ್ಯಾಂಡಿನಲ್ಲಿ ಕಂಡಕಂಡ ಡ್ರೈವರಿಗೆಲ್ಲ, ಆ ಶೆಡ್ಡಿಗೆ ಗಾಡಿ ಬಿಡಬೇಡಿ, ಗೆಳೆಯನಿಗೇ ಮೋಸ ಮಾಡಿದವನು ಎಂದು ಹೇಳಿಕೊಂಡು ಬಂದಿದ್ದ.

ಆ ಗೌರಿ ಹಬ್ಬಕ್ಕೆ ಬಸ್ಸಿನಲ್ಲಿ ಕೆ.ಆರ್. ಪೇಟೆಗೆ ಬಂದೆ. ಅಣ್ಣ ಯಾರದೋ ಮೊಪೆಡ್ಡು ತಂದಿದ್ದ. ಹಿಂದೆ ಕೂತೆ. ಶೆಡ್ಡು ಬಂದಾಗ ಅಣ್ಣ ಮುಖವನ್ನು ಆ ಕಡೆ ತಿರುಗಿಸಿಕೊಂಡ. ನಾನು ತಿರುಗಿಸಿಕೊಳ್ಳಲಿಲ್ಲ. ಯಾವಾಗಲೂ ನಾಲ್ಕೈದು ಗಾಡಿ ನಿಂತಿರುತ್ತಿದ್ದ ಜಾಗದಲ್ಲಿ ಒಂದೂ ಇರಲಿಲ್ಲ. ಮೆಕ್ಯಾನಿಕ್ಕು ಹಳೇ ಟೈರಿನ ಮೇಲೆ ಸುಮ್ಮನೆ ಕೂತಿದ್ದ. ಅವನ ಅಂಗಿ ಒಗೆದ ಹಾಗೇ ಇತ್ತು, ಒಂದು ಎಣ್ಣೆಯ ಕಲೆಯೂ ಇಲ್ಲ.

ಅಣ್ಣನ ಹೆಗಲು ಹಿಡಿದು ಅಲುಗಿಸಿದೆ.

"ಅಣ್ಣ, ನಿಲ್ಸು."

"ಇಲ್ಯಾಕೆ?"

"ನಿಲ್ಸಣ್ಣ, ಇಲ್ದಿದ್ರೆ ದುಮುಕ್ತೀನಿ."

ನಿಲ್ಲಿಸಿದ. ಅವನ ಕೈ ಹಿಡಿದು ಶೆಡ್ಡಿನೊಳಕ್ಕೆ ಎಳೆದುಕೊಂಡೇ ಹೋದೆ. ಮೆಕ್ಯಾನಿಕ್ಕು ಎದ್ದು ನಿಂತ. ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ನನ್ನನ್ನೇ ನೋಡಿದರು. ಮಾತು ಒಂದರ ಹಿಂದೊಂದು ನುಗ್ಗಿ ಬಂತು.

"ಅಣ್ಣ, ಆ ಕಾರ್ನ ನಾನು ವಿಚಾರ್ಸ್ಲೇ ಇಲ್ಲ. ಒಬ್ರುನ್ನೂ ಕೇಳ್ಲಿಲ್ಲ. ಎಲ್ಲಿ ಬ್ಯಾಡ ಅಂದ್ಬುಟ್ಟೀಯೋ ಅಂತ ನಿಂಗೆ ಸುಳ್ಳೇಳ್ದೆ. ಶೆಡ್ನಾಗೆ ನೀನು ಇವುನ್ನ ಬಯ್ಯೋವಾಗ್ಲೂ ಸುಮ್ಕೆ ನಿಂತಿದ್ದೆ. ಇವುಂದೇನೂ ಇಲ್ಲ, ಎಲ್ಲಾ ನಂದೇಯ. ತಪ್ಪಾಯ್ತು ಕಣಣ್ಣ. ನಿಂಗೂ ತಪ್ಪು ಮಾಡ್ದೆ, ಇವುಂಗೂ ಮಾಡ್ದೆ. ನನ್ನ ಕ್ಷಮಿಸ್ಬುಡಿ ಇಬ್ರೂವೆ."